ಬಸುರಿ ಇರುವ ಮನೆ, ಬಚ್ಚಲು ಒಲೆಯ ಹೊಗೆ: ಕೃಷಿಕರು ತಿಳಿದಿರಬೇಕಾದ ಗಾಳಿಯ ಪಾಠ

ಪ್ರತಿ ವಾರ ಇಲ್ಲಿ ಗೊಬ್ಬರ, ರೋಗ, ಮಾರುಕಟ್ಟೆ ಅಂತ ಮಾತಾಡ್ತೇವೆ. ಈ ವಾರದ ವಿಷಯ ಸ್ವಲ್ಪ ಬೇರೆ, ಆದರೆ ತೋಟದಿಂದ ದೂರದ್ದೇನಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಇದನ್ನು ಮೊಬೈಲ್‌ನಲ್ಲಿ ಓದುವವರಲ್ಲಿ ತುಂಬಾ ಜನ ಹೊಸದಾಗಿ ಮದುವೆಯಾದವರು, ಮಗು ನಿರೀಕ್ಷೆಯಲ್ಲಿರುವವರು. ಹೆಂಡತಿ ಇಲ್ಲದಿದ್ದರೆ ತಂಗಿ, ಅತ್ತಿಗೆ, ಇಲ್ಲವೇ ತೋಟದ ಕೆಲಸಕ್ಕೆ ಬರುವ ಹೆಂಗಸರಲ್ಲಿ ಯಾರಾದರೂ ಒಬ್ಬರು ಬಸುರಿ ಇದ್ದೇ ಇರ್ತಾರೆ. ಅವರ ಸುತ್ತಲಿನ ಗಾಳಿ ಹೇಗಿದೆ ಅನ್ನೋದೇ ಇವತ್ತಿನ ಪಾಠ.

ವಾಯುಮಾಲಿನ್ಯ ಅಂದ ಕೂಡಲೇ ನಮಗೆ ದೆಹಲಿಯ ಮಂಜು ನೆನಪಾಗ್ತದೆ. "ನಮ್ಮಲ್ಲಿ ಎಂತ ಮಾಲಿನ್ಯ ಮಾರಾಯ್ರೇ, ಒಂದು ಬದಿ ಸಮುದ್ರ, ಒಂದು ಬದಿ ಘಟ್ಟ" ಅಂತೇವೆ. ಊರಿನ ಗಾಳಿ ಒಳ್ಳೆಯದೇ, ಒಪ್ಪಿಕೊಳ್ಳುವ. ಆದರೆ ಬಸುರಿ ಹೆಂಗಸು ದಿನದ ಹೆಚ್ಚು ಹೊತ್ತು ಉಸಿರಾಡುವುದು ಅಡುಗೆಮನೆ, ಬಚ್ಚಲು, ಹಟ್ಟಿ, ಅಂಗಳದ ಗಾಳಿಯನ್ನು. ಫೋನಿನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಅಂಕಿ ದೂರದ ಯಾವುದೋ ಹೊರಾಂಗಣ ಕೇಂದ್ರದ್ದು ಅಥವಾ ಉಪಗ್ರಹದ ಅಂದಾಜು. ಆ್ಯಪ್ ಹಸಿರು ಬಣ್ಣ ತೋರಿಸುವ ಹೊತ್ತಿಗೇ ನಮ್ಮ ಬಚ್ಚಲಿನಲ್ಲಿ ಕಣ್ಣು ಉರಿಯುತ್ತಿರಬಹುದು. ಆ ಹೊಗೆ ಎಬ್ಬಿಸುವವರು ನಾವೇ. ಹಾಗಾಗಿ ನಿಲ್ಲಿಸುವುದೂ ನಮ್ಮ ಕೈಯಲ್ಲೇ ಇದೆ.

ಹೊಗೆ ಮಗುವಿಗೆ ಮುಟ್ಟುವುದು ಹೇಗೆ?

ಹೊಗೆಯಲ್ಲಿ ಮುಖ್ಯವಾಗಿ ಎರಡು ಅಪಾಯಗಳಿವೆ. ಒಂದು ಕಣ, ಇನ್ನೊಂದು ಅನಿಲ.

ಕಣಗಳಲ್ಲಿ ತುಂಬಾ ಸಣ್ಣವನ್ನು ಪಿಎಂ 2.5 ಅಂತಾರೆ. ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣದು. ನಮ್ಮ ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಈ ಕಣಗಳನ್ನು ಮೂಗಿನ ರೋಮ ತಡೆಯುವುದಿಲ್ಲ. ಶ್ವಾಸಕೋಶದ ತಳದವರೆಗೆ ಹೋಗ್ತವೆ, ಅದರಲ್ಲಿ ಅತಿ ಸಣ್ಣವು ರಕ್ತಕ್ಕೂ ಸೇರ್ತವೆ. ದೇಹ ಅದನ್ನು ಪರಕೀಯ ವಸ್ತು ಅಂತ ನೋಡಿ ಉರಿಯೂತ ಎಬ್ಬಿಸ್ತದೆ, ರಕ್ತನಾಳಗಳು ಬಿಗಿಯಾಗ್ತವೆ. ಬಸುರಿಯಲ್ಲಿ ಹೀಗಾದರೆ ಮಾಸು, ಅಂದರೆ ಮಗುವಿಗೆ ಊಟ ಮತ್ತು ಆಮ್ಲಜನಕ ಕೊಡುವ ಅಂಗ, ಅದಕ್ಕೆ ಹೋಗುವ ರಕ್ತ ಕಡಿಮೆಯಾಗಬಹುದು. ಗಿಡದ ಲೆಕ್ಕದಲ್ಲಿ ಹೇಳುವುದಾದರೆ ಬೇರಿಗೆ ನೀರಿದೆ, ಆದರೆ ಕಾಂಡದ ನಾಳ ಕಟ್ಟಿಕೊಂಡಿದೆ. ಕಾಯಿ ದಪ್ಪ ಆಗುವುದು ಹೇಗೆ?

2019ರಲ್ಲಿ ಬೆಲ್ಜಿಯಂನ ಹಾಸೆಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆರಿಗೆಯ ನಂತರ ಸಿಕ್ಕಿದ ಮಾಸುಗಳನ್ನು ಪರೀಕ್ಷೆ ಮಾಡಿದರು. ಮಗುವಿನ ಬದಿಯ ಅಂಗಾಂಶದಲ್ಲೂ ಮಸಿಯ ಕಣಗಳು ಕಂಡವು. ಹೆಚ್ಚು ಮಾಲಿನ್ಯದ ಜಾಗದಲ್ಲಿ ಇದ್ದ ತಾಯಂದಿರ ಮಾಸಿನಲ್ಲಿ ಕಣಗಳೂ ಹೆಚ್ಚು. ತಾಯಿ ಉಸಿರಾಡಿದ್ದು ತಾಯಿಯಲ್ಲೇ ನಿಲ್ಲುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಎರಡನೆಯದು ಇಂಗಾಲದ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಸರಿಯಾಗಿ ಉರಿಯದ ಸೌದೆ, ಕೆಂಡ, ಇದ್ದಿಲು, ಕೆಟ್ಟ ಗ್ಯಾಸ್ ಗೀಸರ್ ಎಲ್ಲದರಿಂದಲೂ ಬರ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ತದೆ. ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಇದು ಬಿಟ್ಟುಹೋಗಲು ತಾಯಿಯ ರಕ್ತಕ್ಕಿಂತ ಹೆಚ್ಚು ಹೊತ್ತು ಬೇಕು. ಈಗ ಒಂದು ಅಂಕಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇರುವಾಗ, ಇದ್ದ ಗಾಡಿಯಲ್ಲೂ ಹೊಗೆ ಹತ್ತಿ ಕೂತರೆ ಮಗುವಿಗೆ ಉಳಿಯುವುದು ಎಷ್ಟು?

ಅಧ್ಯಯನಗಳು ಹೇಳುವುದೇನು, ಹೇಳದೇ ಇರುವುದೇನು?

ಹೊಗೆಗೂ ಬಸುರಿಗೂ ಸಂಬಂಧಿಸಿ ಮುಖ್ಯವಾಗಿ ಮೂರು ಅಪಾಯ ಹೇಳ್ತಾರೆ: ಮಗುವಿನ ತೂಕ 2.5 ಕಿಲೋಗಿಂತ ಕಡಿಮೆ ಇರುವುದು, 37 ವಾರ ತುಂಬುವ ಮೊದಲೇ ಹೆರಿಗೆ ಆಗುವುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು. ತಾಯಿಗೆ ರಕ್ತದೊತ್ತಡ ಏರುವುದಕ್ಕೂ ಹೊಗೆಯ ಸಂಬಂಧವನ್ನು ಹಲವು ಅಧ್ಯಯನಗಳು ಗುರುತಿಸಿವೆ.

ತಮಿಳುನಾಡಿನಲ್ಲಿ 1,285 ಬಸುರಿಯರನ್ನು ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಗಾಳಿಯಲ್ಲಿ ಪಿಎಂ 2.5 ಪ್ರತಿ ಘನ ಮೀಟರ್‌ಗೆ 10 ಮೈಕ್ರೋಗ್ರಾಂ ಹೆಚ್ಚಾದಾಗ ಮಗುವಿನ ತೂಕ ಸರಾಸರಿ 4 ಗ್ರಾಂ ಕಡಿಮೆ ಕಂಡಿತು. ನಾಲ್ಕು ಗ್ರಾಂ ಎಂತ ದೊಡ್ಡದು ಅನ್ನಿಸಬಹುದು. ಆದರೆ ಸೌದೆ ಒಲೆಯ ಮುಂದೆ ಕೂತಾಗ ಏರುವುದು ಹತ್ತಲ್ಲ, ನೂರುಗಟ್ಟಲೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40.

2020ರ ಜಾಗತಿಕ ವಾಯುಸ್ಥಿತಿ ವರದಿಯ ಲೆಕ್ಕದಲ್ಲಿ, 2019ರಲ್ಲಿ ಹುಟ್ಟಿದ ಒಂದು ತಿಂಗಳೊಳಗೆ ತೀರಿಕೊಂಡ ಮಕ್ಕಳಲ್ಲಿ ಸುಮಾರು 4,76,000 ಸಾವುಗಳಿಗೆ ವಾಯುಮಾಲಿನ್ಯದ ಪಾಲು ಇತ್ತು. ಭಾರತದಲ್ಲೇ 1,16,000ಕ್ಕೂ ಹೆಚ್ಚು. ಇದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮನೆಯೊಳಗಿನ ಅಡುಗೆ ಇಂಧನದ ಹೊಗೆಯದ್ದು. ಕಾರ್ಖಾನೆ, ಲಾರಿ ಎಲ್ಲ ಆಮೇಲೆ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ 3,200 ಬಸುರಿಯರ ಮೇಲೆ ದೊಡ್ಡ ಪ್ರಯೋಗ ನಡೆದು 2022ರಲ್ಲಿ ಫಲಿತಾಂಶ ಬಂತು. ಅರ್ಧ ಜನರಿಗೆ ಗ್ಯಾಸ್ ಒಲೆ ಕೊಟ್ಟರು, ಇನ್ನರ್ಧ ಜನ ಸೌದೆಯಲ್ಲೇ ಮುಂದುವರಿದರು. ಗ್ಯಾಸ್ ಪಡೆದವರು ಉಸಿರಾಡಿದ ಕಣ ತುಂಬಾ ಕಡಿಮೆಯಾಯಿತು, ಆದರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಹೊಗೆ ಪರವಾಗಿಲ್ಲವಾ? ಹಾಗಲ್ಲ. ಅಲ್ಲಿ ಒಲೆ ಸಿಕ್ಕಿದ್ದು ಬಸುರಿಯ 9ನೇ ವಾರದಿಂದ 20ನೇ ವಾರದ ನಡುವೆ ಸೇರಿದವರಿಗೆ. ಅಂದರೆ ಮಾಸು ಕಟ್ಟಿಕೊಳ್ಳುವ ಹೊತ್ತು ಆಗಲೇ ಕಳೆದಿತ್ತು ಅಥವಾ ಕಳೆಯುತ್ತಿತ್ತು. ತೂಕ ಅನ್ನುವುದು ಊಟ, ರಕ್ತ, ತಾಯಿಯ ಪ್ರಾಯ, ಎರಡು ಬಸುರಿಗಳ ನಡುವಿನ ಅಂತರ ಎಲ್ಲದರ ಮೊತ್ತ. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಎರಡು: ಒಲೆ ಬದಲಿಸಿದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ, ಮತ್ತು ಬದಲಿಸುವುದಿದ್ದರೆ ಬಸುರಿ ಆದ ಮೇಲೆ ಕಾಯಬಾರದು, ಮೊದಲೇ ಆಗಬೇಕು.

"ನಮ್ಮಜ್ಜಿ ಇದೇ ಹೊಗಿ ಮಧ್ಯ ಹತ್ತ್ ಮಕ್ಳ್ ಹೆತ್ತಿರ್, ಎಂತ ಆಯ್ತ್?" ಅಂತ ಕೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರ ಹತ್ತಿರ ಜಗಳ ಬೇಡ. ಹತ್ತರಲ್ಲಿ ಎಷ್ಟು ಮಕ್ಕಳು ಬದುಕಿದವು ಅಂತ ಮೆಲ್ಲ ಕೇಳಿ ನೋಡಿ. ಆ ಕಾಲದಲ್ಲಿ ಹುಟ್ಟಿದ ಮಗುವನ್ನು ಯಾರೂ ತೂಗಲಿಲ್ಲ, ಹೋದ ಮಗುವಿಗೆ ಕಾರಣ ಬರೆದಿಡಲಿಲ್ಲ.

ನಮ್ಮ ಊರಿನ ಹೊಗೆ ಎಲ್ಲೆಲ್ಲಿ?

ಉಜ್ವಲಾ ಯೋಜನೆ 2016ರಲ್ಲಿ ಶುರುವಾದ ಮೇಲೆ, ಅದಕ್ಕಿಂತ ಮೊದಲೂ, ನಮ್ಮ ಕಡೆ ಗ್ಯಾಸ್ ಸಿಲಿಂಡರ್ ತುಂಬಾ ಮನೆಗಳಿಗೆ ಬಂದಿದೆ. ಆದರೆ ಸಿಲಿಂಡರ್ ಬಂದಿದ್ದು ಚಹಾ, ಪಲ್ಯ, ಸಾರಿಗೆ. ಕುಚ್ಚಲಕ್ಕಿ ಬೇಯುವುದು, ದನದ ಅಕ್ಕಚ್ಚು ಕಾಯುವುದು, ಸ್ನಾನದ ಹಂಡೆ ಕಾಯುವುದು ಇನ್ನೂ ಸೌದೆಯಲ್ಲೇ. ಕಾರಣ ಗೊತ್ತಿದ್ದದ್ದೇ. ತೆಂಗಿನ ಮಡಲು, ಸಿಪ್ಪೆ, ಗೆರಟೆ, ಅಡಿಕೆ ಸೋಗೆ ತೋಟದಲ್ಲಿ ಬಿಟ್ಟಿ ಬಿದ್ದಿರುವಾಗ ಗ್ಯಾಸ್‌ಗೆ ದುಡ್ಡು ಯಾಕೆ?

ಬಚ್ಚಲು ಒಲೆ: ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ನಂಬರ್ ಒನ್ ಹೊಗೆ ಇದೇ. ಮುಚ್ಚಿದ ಸಣ್ಣ ಕೋಣೆ, ಎತ್ತರದಲ್ಲಿ ಒಂದು ಕಿಂಡಿ, ಒಳಗೇ ಒಲೆ, ಒಳಗೇ ಸ್ನಾನ. ಬೆಂಕಿ ಹಾಕುವವಳು, ಊದುವವಳು, ಅದೇ ಹೊಗೆಯಲ್ಲಿ ಮೀಯುವವಳು ಒಬ್ಬಳೇ.

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನ ಗಾಳಿಯನ್ನು ಮಳೆ ತೊಳೆದಿಡ್ತದೆ. ಅದೇ ಹೊತ್ತಿಗೆ ಮನೆಯ ಒಳಗಿನ ಗಾಳಿ ವರ್ಷದಲ್ಲೇ ಕೆಟ್ಟದ್ದು. ಸೌದೆ ಒದ್ದೆ, ಕಿಟಕಿ ಮುಚ್ಚಿದೆ, ಬಟ್ಟೆ ಒಣಗಿಸಲಿಕ್ಕೂ ಅದೇ ಒಲೆ. ಒದ್ದೆ ಸೌದೆಯ ಶಾಖ ಮೊದಲು ನೀರನ್ನು ಆವಿ ಮಾಡಲಿಕ್ಕೇ ಖರ್ಚಾಗ್ತದೆ, ಬೆಂಕಿ ತಣ್ಣಗಾಗಿ ಅರ್ಧಂಬರ್ಧ ಉರಿದು ಹೊಗೆ ಕಕ್ಕುತ್ತದೆ.

ಹಟ್ಟಿ: ಸಂಜೆ ದನಗಳಿಗೆ ಸೊಳ್ಳೆ ಬಾರದ ಹಾಗೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸುವುದು. ಅದೇ ಹೊತ್ತಿಗೆ ಹಾಲು ಕರೆಯುವುದು.

ಸುಡುಮಣ್ಣು ಮತ್ತು ತರಗೆಲೆ: ತರಕಾರಿ, ಮಲ್ಲಿಗೆ ಮಾಡುವವರಿಗೆ ಸುಡುಮಣ್ಣು ಇಲ್ಲದೆ ಆಗುವುದಿಲ್ಲ ಅನ್ನುವ ನಂಬಿಕೆ. ಅದು ದಿನಗಟ್ಟಲೆ ಮೆಲ್ಲ ಹೊಗೆಯಾಡುವ ರಾಶಿ. ಉರಿಯುವ ಬೆಂಕಿಗಿಂತ ಹೊಗೆಯಾಡುವ ಬೆಂಕಿ ಹೆಚ್ಚು ಕೆಟ್ಟದ್ದು ಅಂತ ನೆನಪಿಡಿ.

ಪ್ಲಾಸ್ಟಿಕ್: ಗೊಬ್ಬರದ ಚೀಲ, ಹಾಲಿನ ಕವರ್, ತುಂಡಾದ ಪೈಪ್ ಎಲ್ಲ ಅಂಗಳದ ಮೂಲೆಯಲ್ಲಿ ಸುಡುವುದು, ಅಥವಾ ಒಲೆ ಹತ್ತಿಸಲಿಕ್ಕೆ ಒಂದು ತುಂಡು ಪ್ಲಾಸ್ಟಿಕ್ ಇಡುವುದು. ಪಿವಿಸಿ ಪೈಪ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿದು ಬಸುರಿಯಲ್ಲಿ ಮಗುವಿಗೂ, ಮುಂದೆ ಎದೆಹಾಲಿಗೂ ಹೋಗ್ತದೆ. ಕಸವನ್ನು ಬಯಲಲ್ಲಿ ಸುಡುವುದು ಘನತ್ಯಾಜ್ಯ ನಿಯಮಗಳ ಪ್ರಕಾರ ನಿಷಿದ್ಧ ಕೂಡ.

ಗೇರುಬೀಜ: ಏಪ್ರಿಲ್, ಮೇ ತಿಂಗಳಲ್ಲಿ ಅಂಗಳದಲ್ಲಿ ಬೀಜ ಸುಡುವಾಗ ಸಿಪ್ಪೆಯ ಎಣ್ಣೆಯ ಹೊಗೆ ಗಂಟಲಿಗೂ ಕಣ್ಣಿಗೂ ಖಾರ. ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಬಸುರಿಯಾದ ತಿಂಗಳಲ್ಲೇ ಹುರಿಯುವ ಜಾಗದಿಂದ ದೂರದ ಕೆಲಸ ಕೇಳಿಕೊಳ್ಳುವುದು ಒಳ್ಳೆಯದು.

ಸೊಳ್ಳೆಬತ್ತಿ: ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಸಣ್ಣ ಕಣ 75ರಿಂದ 137 ಸಿಗರೇಟ್ ಉರಿದಷ್ಟು ಅಂತ 2003ರ ಒಂದು ಅಧ್ಯಯನ ಅಳೆದಿದೆ. ಬಾಗಿಲು ಹಾಕಿ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಅದೇ ಗಾಳಿ. ಸೊಳ್ಳೆಪರದೆ ಸಾಕು, ಅದು ಮಲೇರಿಯಾವನ್ನೂ ತಡೀತದೆ. ಬೀಡಿ, ಸಿಗರೇಟ್ ಸೇದುವ ಗಂಡಸರಿಗೆ ಬೇರೆ ಹೇಳಬೇಕಾಗಿಲ್ಲ.

ಸ್ಪ್ರೇ ಕೂಡ ಗಾಳಿಯೇ: ಗೇರುತೋಟ ಕಲಿಸಿದ ಪಾಠ

ಬಸುರಿ ಮತ್ತು ಗಾಳಿಯ ಬಗ್ಗೆ ಕರಾವಳಿಯವರು ಮಾತಾಡುವಾಗ ಎಂಡೋಸಲ್ಫಾನ್ ಬಿಟ್ಟು ಮಾತಾಡಲಿಕ್ಕೆ ಸಾಧ್ಯ ಇಲ್ಲ. ಕಾಸರಗೋಡಿನ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಟೀ ಸೊಳ್ಳೆ ಕೀಟಕ್ಕೆಂದು ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕರ್ನಾಟಕದಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಹೀಗೇ ಆಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ಸುರಂಗ, ಶಾಲೆ. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯತೆ, ಗರ್ಭಪಾತ ಇತ್ಯಾದಿ ವಿಪರೀತ ಇರುವುದನ್ನು ಗಮನಿಸಿದರು. ನಮ್ಮ ಕೃಷಿಕರೆಲ್ಲ ಬಲ್ಲ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು.

ಅಹಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಗೆ ಬಂದು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಸಿಂಪಡಣೆಯ ಊರಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿ, ಇಲ್ಲಿಯವರ ಪ್ರೌಢ ಬೆಳವಣಿಗೆ ತಡವಾಗಿದೆ, ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದೆ ಅಂತ 2003ರಲ್ಲಿ ಪ್ರಕಟಿಸಿದರು. ಬೇರೆ ಸಮಿತಿಗಳು ಸಂಬಂಧ ಸಾಬೀತಾಗಿಲ್ಲ ಅಂತಲೂ ಹೇಳಿದವು, ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಇದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಂಥ ಊರುಗಳು ಮಾತ್ರ ಅಲ್ಲ, ನಮ್ಮ ಉಡುಪಿ ಜಿಲ್ಲೆ ಮತ್ತು ಉತ್ತರ ಕನ್ನಡದಲ್ಲೂ ಸರ್ಕಾರ ಸಂತ್ರಸ್ತರನ್ನು ಗುರುತಿಸಿ ಮಾಸಾಶನ ಕೊಡುತ್ತಿದೆ.

ಎಂಡೋಸಲ್ಫಾನ್ ಹೋಯಿತು. ಆದರೆ ಅದು ಕಲಿಸಿದ ಪಾಠ ಹಾಗೇ ಇದೆ. ಸಿಂಪಡಿಸಿದ್ದು ಎಲೆಯ ಮೇಲೆ ಮಾತ್ರ ಕೂರುವುದಿಲ್ಲ. ಹನಿ ಸಣ್ಣದಾದಷ್ಟೂ ಗಾಳಿಯಲ್ಲಿ ದೂರ ಹೋಗ್ತದೆ. ಇವತ್ತು ಹೆಲಿಕಾಪ್ಟರ್ ಇಲ್ಲ, ಆದರೆ ಪವರ್ ಸ್ಪ್ರೇಯರ್ ಇದೆ, ಡ್ರೋನ್ ಬರ್ತಾ ಇದೆ, ಕಳೆನಾಶಕ ಅಂಗಳದವರೆಗೆ ಬಂದಿದೆ.

ಇನ್ನೂ ಒಂದು ಸಂಗತಿ. ಮಗುವಿನ ಮೆದುಳು, ಬೆನ್ನುಹುರಿಯ ಮೊದಲ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನದೊಳಗೆ. ಆ ಹೊತ್ತಿಗೆ ಅವಳಿಗೇ ತಾನು ಬಸುರಿ ಅಂತ ಸರಿಯಾಗಿ ಗೊತ್ತಿರುವುದಿಲ್ಲ. "ಬಸುರಿ ಆದ ಮೇಲೆ ಸ್ಪ್ರೇ ಹತ್ತಿರ ಬರಬೇಡ" ಅನ್ನುವ ನಿಯಮ ಅದಕ್ಕೇ ಸಾಲುವುದಿಲ್ಲ.

ಸಾವಯವದವರೇ, ನಮಗೂ ಸ್ವಲ್ಪ ಮಾತು ಇದೆ

ನಾನೂ ಸಾವಯವದವನೇ. ಆದರೆ ಸಾವಯವ ಅಂದ ಮಾತ್ರಕ್ಕೆ ಬಸುರಿಗೆ ಕ್ಷೇಮ ಅಂತ ಇಲ್ಲ.

ಹೊಗೆಸೊಪ್ಪಿನ ಕಷಾಯದಲ್ಲಿ ಇರುವುದು ನಿಕೋಟಿನ್. ಅದು ಚರ್ಮದ ಮೂಲಕವೂ ಮೈಗೆ ಇಳೀತದೆ. ಸಿಗರೇಟ್ ಬೇಡ ಅಂದವಳಿಗೆ ಇದೂ ಬೇಡ. ಅಗ್ನಿಅಸ್ತ್ರದಲ್ಲಿ ಹೊಗೆಸೊಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿ ಗಂಜಲದಲ್ಲಿ ಕುದಿಸ್ತೇವೆ, ಅದರ ಆವಿ ಮೂಗಿಗೆ ಹೋದರೆ ಗಟ್ಟಿ ಗಂಡಸಿಗೇ ಕೆಮ್ಮು. ದಶಪರ್ಣಿಗೆ ದತ್ತೂರಿ, ಎಕ್ಕದಂಥ ವಿಷಗಿಡ ಸೇರ್ತದೆ. ಗಂಧಕದ ಪುಡಿ ಉಸಿರಿನ ನಾಳವನ್ನು ಕೆರಳಿಸ್ತದೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಮಾಡುವಾಗ ಸುಣ್ಣದ ಧೂಳು, ಮೈಲುತುತ್ತದ ಹನಿ ಎರಡೂ ಇವೆ. ಇವೆಲ್ಲ ನಮಗೆ ಬೇಕಾದ ಮದ್ದುಗಳೇ. ಕಲಸುವುದು, ಕುದಿಸುವುದು, ಹೊಡೆಯುವುದು ಮನೆಯಿಂದ ದೂರ ಆಗಲಿ, ಬಸುರಿಯ ಕೈಯಲ್ಲಿ ಬೇಡ ಅಷ್ಟೇ.

ಏನು ಮಾಡುವುದು? ಖರ್ಚು ಕಡಿಮೆಯಿಂದ ಹೆಚ್ಚಿಗೆ

1. ಕೆಲಸ ಬದಲಿಸಿ. ಇದಕ್ಕೆ ಒಂದು ರೂಪಾಯಿ ಬೇಡ. ಹಂಡೆಗೆ ಬೆಂಕಿ ಹಾಕುವುದು, ಹಟ್ಟಿಯ ಹೊಗೆ, ಅಂಗಳ ಗುಡಿಸಿ ಸುಡುವುದು ಇನ್ನು ಗಂಡಸರ ಕೆಲಸ. ನೀರು ಕಾದು, ಬೆಂಕಿ ತೆಗೆದು, ಬಾಗಿಲು ಕಿಟಕಿ ಹತ್ತು ನಿಮಿಷ ತೆರೆದಿಟ್ಟ ಮೇಲೆ ಅವಳು ಮೀಯಲಿ. ಇನ್ನೂ ಒಳ್ಳೆಯದು, ಬಿಸಿನೀರನ್ನು ಹೊಗೆಯಿಲ್ಲದ ಇನ್ನೊಂದು ಕಡೆಗೆ ಹೊತ್ತು ಕೊಡಿ.

2. ಸೌದೆ ಒಣಗಿಸಿ. ಮಾರ್ಚ್, ಏಪ್ರಿಲ್‌ನಲ್ಲೇ ಸೌದೆ ಸೀಳಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಮೇಲೆ ಮಾಡು, ಬದಿ ತೆರೆದು ಪೇರಿಸಿ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಸಿಪ್ಪೆಯನ್ನು ಹಸಿಯಾಗಿ ಒಲೆಗೆ ಇಡಬೇಡಿ.

3. ಒಲೆಯ ಬಾಯಿ ಹೊರಗೆ ಮಾಡಿ. ಬಚ್ಚಲಿನ ಗೋಡೆ ಒಡೆದು, ಬೆಂಕಿ ಹಾಕುವ ಬಾಯಿ ಹೊರಬದಿಗೆ ಬರುವ ಹಾಗೆ ಮೇಸ್ತ್ರಿಯ ಹತ್ತಿರ ಮಾಡಿಸಿ. ಹೊಗೆಕೊಳವೆ ಮಾಡಿನ ನೆತ್ತಿಗಿಂತ ಎರಡು ಅಡಿಯಾದರೂ ಮೇಲೆ ಇರಲಿ, ಇಲ್ಲದಿದ್ದರೆ ಗಾಳಿ ಹೊಗೆಯನ್ನು ತಿರುಗಿ ಒಳಗೆ ತಳ್ತದೆ. ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ 1980ರ ದಶಕದಲ್ಲೇ ರೂಪಿಸಿದ ಅಸ್ತ್ರ ಒಲೆಯ ತತ್ವವೂ ಇದೇ: ಕಡಿಮೆ ಸೌದೆ, ಪೂರ್ತಿ ಉರಿ, ಹೊಗೆ ಹೊರಗೆ.

4. ಕುಚ್ಚಲಕ್ಕಿಯನ್ನು ಗ್ಯಾಸ್‌ಗೆ ತನ್ನಿ. ಒಂದೆರಡು ಗಂಟೆ ನೆನೆಸಿ ಕುಕ್ಕರ್‌ನಲ್ಲಿ ಬೇಯಿಸಬಹುದು. ಅಥವಾ ಚೆನ್ನಾಗಿ ಕುದಿಸಿ, ಶಾಖ ಹಿಡಿದಿಡುವ ಅನ್ನದ ಡಬ್ಬದಲ್ಲಿ ಮುಚ್ಚಿಟ್ಟರೆ ತನ್ನಷ್ಟಕ್ಕೇ ಬೇಯ್ತದೆ. ಗ್ಯಾಸ್ ಖರ್ಚು ನೀವು ಹೆದರುವಷ್ಟು ಬರುವುದಿಲ್ಲ.

5. ಸುಡುವುದರ ಬದಲು ಮುಚ್ಚಿ. ತರಗೆಲೆ, ಸೋಗೆ ಸುಟ್ಟರೆ ಸಾರಜನಕ, ಗಂಧಕ, ಇಂಗಾಲ ಹೊಗೆಯಾಗಿ ಹೋಗ್ತದೆ, ಉಳಿಯುವುದು ಪೊಟ್ಯಾಷ್ ಇರುವ ಬೂದಿ ಮಾತ್ರ. ಬುಡಕ್ಕೆ ಹೊದಿಕೆ ಹಾಕಿ, ಸಿಪ್ಪೆಯನ್ನು ತೆಂಗಿನ ಸಾಲಿನ ನಡುವೆ ಚರಂಡಿಯಲ್ಲಿ ಹೂಳಿ. ಸುಡುಮಣ್ಣಿನ ಬದಲು ಏಪ್ರಿಲ್, ಮೇಯಲ್ಲಿ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಬಿಸಿಲಿನ ಶಾಖಕ್ಕೆ ಕಳೆ ಬೀಜ, ರೋಗಾಣು ಬಹುಪಾಲು ಸಾಯ್ತವೆ. ಪೊಟ್ಯಾಷ್‌ಗೆ ಒಲೆಯ ಬೂದಿ ಇದ್ದೇ ಇದೆ.

6. ಗೋಬರ್ ಗ್ಯಾಸ್. ನಾಲ್ಕೈದು ದನ ಇದ್ದರೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಿಗ್ತದೆ, 2 ಘನ ಮೀಟರ್ ಘಟಕಕ್ಕೆ ಸಾಕು. ಒಲೆ ಉರೀತದೆ, ಬಗ್ಗಡ ತೋಟಕ್ಕೆ ಹೋಗ್ತದೆ. ಹಂಡೆಗೆ ಸೋಲಾರ್ ಹಾಕುವವರು ಒಂದು ನೆನಪಿಡಿ, ಮಳೆಗಾಲದಲ್ಲಿ ಅದು ಹೆಚ್ಚು ಕೆಲಸ ಮಾಡುವುದಿಲ್ಲ. ಆ ನಾಲ್ಕು ತಿಂಗಳಿಗೆ ಬೇರೆ ದಾರಿ ಮೊದಲೇ ನೋಡಿಟ್ಟುಕೊಳ್ಳಿ.

7. ಸ್ಪ್ರೇ ನಿಯಮ. ಔಷಧ ಕಲಸುವುದು, ನೀರು ಹೊತ್ತು ಕೊಡುವುದು, ಪೈಪ್ ಎಳೆಯುವುದು ಯಾವ ಹೆಂಗಸಿನ ಕೈಯಲ್ಲೂ ಬೇಡ. ಮರುದಿನ ಅದೇ ಸಾಲಿಗೆ ಕಳೆ ಕೀಳಲು ಕಳಿಸಬೇಡಿ, ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾಯಿರಿ. ಸ್ಪ್ರೇ ಹಾಕಿದ ಬಟ್ಟೆಯನ್ನು ಹೆಂಡತಿ ಒಗೆಯುವುದು ನಮ್ಮಲ್ಲಿ ಮಾಮೂಲು. ಅದು ನಿಲ್ಲಲಿ. ನೀವೇ ಬೇರೆಯಾಗಿ ಒಗೆದು, ಮಿಂದು ಮನೆಯೊಳಗೆ ಹೋಗಿ. ಬಾಟಲಿಗಳು ಚಾವಡಿಯ ಮೂಲೆಯಲ್ಲಿ, ಮಂಚದ ಅಡಿಯಲ್ಲಿ ಇರಬಾರದು.

ಮಾಸ್ಕ್ ಬಗ್ಗೆ ಒಂದು ಮಾತು. ಒದ್ದೆ ಬೈರಾಸು ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಎನ್ 95 ಕಣ ತಡೆಯುತ್ತದೆ, ಆದರೆ ಇಂಗಾಲದ ಮೊನಾಕ್ಸೈಡ್ ಮತ್ತು ಔಷಧದ ಆವಿಯನ್ನು ತಡೆಯುವುದಿಲ್ಲ.

ಕರಾವಳಿ ಗಾಳಿಯ ಲೆಕ್ಕ

ನಮ್ಮಲ್ಲಿ ಗಾಳಿಗೆ ದಿನಚರಿ ಇದೆ. ಬೇಸಿಗೆಯಲ್ಲಿ ಹಗಲು ಏರಿದ ಮೇಲೆ ಕಡಲಿನಿಂದ, ಅಂದರೆ ಪಡುವಣದಿಂದ ಬೀಸ್ತದೆ. ರಾತ್ರಿ, ಬೆಳಗಿನ ಜಾವ ಮೂಡಣದಿಂದ ಮೆಲ್ಲ ಬರ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮುಂಜಾನೆ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರ್ತದೆ. ಆಗ ಬೆಂಕಿ ಹಾಕಿದರೆ ಹೊಗೆ ಮೇಲೆ ಹೋಗದೆ ಬೈಲಿನಲ್ಲೇ ಅಡ್ಡಕ್ಕೆ ಹರಡ್ತದೆ. ಸ್ಪ್ರೇ ಹನಿಯೂ ಹಾಗೇ ತೇಲ್ತದೆ. ಗಾಳಿ ಪೂರ್ತಿ ನಿಂತ ಹೊತ್ತೂ ಬೇಡ, ಜೋರು ಗಾಳಿಯೂ ಬೇಡ. ಎಲೆ ಮೆಲ್ಲ ಅಲುಗುವಾಗ, ಗಾಳಿ ಮನೆಯಿಂದ ತೋಟದ ಕಡೆಗೆ ಹೋಗುವಾಗ ಸಿಂಪಡಿಸಿ. ನಿಮ್ಮ ಮನೆ ಮಾತ್ರ ಅಲ್ಲ, ಗಾಳಿ ಹೋಗುವ ದಿಕ್ಕಿನ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತಲೂ ನೋಡಿ.

ತವರುಮನೆ, ಬಾಣಂತಿ ಕೋಣೆ, ಆಸ್ಪತ್ರೆ

ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ನಿಮ್ಮ ಮನೆಯಲ್ಲಿ ಎಲ್ಲ ಸರಿಮಾಡಿ, ಕೊನೆಯ ಮೂರು ತಿಂಗಳು ಅವಳು ಹಳೇ ಬಚ್ಚಲಿರುವ ಮನೆಗೆ ಹೋದರೆ ಏನು ಬಂತು? ಬಯಕೆ ಊಟಕ್ಕೆ ಮೊದಲೇ ಅಲ್ಲಿನ ಒಲೆಯನ್ನೂ ನೋಡಿ ಬನ್ನಿ. ಅತ್ತೆ, ಮಾವನ ಹತ್ತಿರ ಹೇಳಲಿಕ್ಕೆ ಸಂಕೋಚ ಆದರೆ, ಬಾಮೈದನ ಜೊತೆ ಸೇರಿ ನೀವೇ ಕೊಳವೆ ಕೂರಿಸಿ ಕೊಡಿ.

ಬಾಣಂತಿ ಕೋಣೆಗೆ ಬಾಗಿಲು ಹಾಕಿ ಕೆಂಡ ಇಡುವುದು, ಮಗುವಿನ ತಲೆಗೆ ಧೂಪದ ಹೊಗೆ ಹಿಡಿಯುವುದು ಬೇಡ. ಬೆಚ್ಚಗಿಡಲು ಬಟ್ಟೆ ಇದೆ, ತಾಯಿಯ ಮೈ ಇದೆ. ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಚ್ಚಲಿನ ಹೊರಗೆ ಕೂರಿಸಿ.

ತಾಯಿ ಕಾರ್ಡ್ ಆದಷ್ಟು ಬೇಗ ಮಾಡಿಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರ್ತದೆ. ಕಬ್ಬಿಣದ ಮಾತ್ರೆ ಬಸುರಿಯಲ್ಲಿ 180 ದಿನ, ಹೆರಿಗೆ ನಂತರ 180 ದಿನ ತಪ್ಪಿಸಬಾರದು. ಮನೆಯಲ್ಲಿ ಸೌದೆ ಒಲೆ ಇದೆ, ತೋಟದಲ್ಲಿ ಸ್ಪ್ರೇ ಇದೆ ಅಂತ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಕೇಳದಿದ್ದರೂ ಹೇಳಿ. ಹೊಗೆಯಲ್ಲಿದ್ದ ಮೇಲೆ ತಲೆನೋವು, ತಲೆಸುತ್ತು, ವಾಂತಿ ಬಂದರೆ ತಕ್ಷಣ ಹೊರಗೆ ಕರೆತಂದು ಆಸ್ಪತ್ರೆಗೆ ಹೋಗಿ. ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಮರುದಿನಕ್ಕೆ ಕಾಯಬೇಡಿ. ಸ್ಪ್ರೇ ಮೈಗೆ ಬಿದ್ದಿದ್ದರೆ ಬಾಟಲಿಯ ಲೇಬಲ್‌ನ ಫೋಟೋ ತೆಗೆದುಕೊಂಡೇ ಹೋಗಿ.

ಈ ವಾರದ ಕೆಲಸ

ಇವತ್ತು ಸಂಜೆ ಹಂಡೆಗೆ ಬೆಂಕಿ ಹಾಕಿದ ಮೇಲೆ ಬಚ್ಚಲಿನ ದೀಪ ಆರಿಸಿ, ಫೋನಿನ ಟಾರ್ಚ್ ಹಾಕಿ ನೋಡಿ. ಬೆಳಕಿನ ಕೋಲಿನಲ್ಲಿ ಹೊಗೆ ಹೊರಳುವುದು ಕಂಡರೆ, ಅದನ್ನೇ ಅವಳೂ ಮಗುವೂ ಪ್ರತಿದಿನ ಉಸಿರಾಡುವುದು. ಏನೂ ಕಾಣದಿದ್ದರೆ ಪೂರ್ತಿ ಕ್ಷೇಮ ಅಂತಲ್ಲ, ಕಾಣದ ಅನಿಲವೂ ಇದೆ. ಆದರೆ ಕಂಡರೆ ಸಂಶಯವೇ ಬೇಡ.

ಮತ್ತೆ, ತೋಟಕ್ಕೆ ಬರುವ ಕೆಲಸದ ಹೆಂಗಸರ ವಿಷಯ. ಬಸುರಿ ಅಂತ ಹೇಳಿದರೆ ಕೆಲಸ ತಪ್ಪೀತು ಅಂತ ಅವರು ಮೂರು, ನಾಲ್ಕು ತಿಂಗಳು ಬಾಯಿಬಿಡುವುದಿಲ್ಲ. ನಾವು ಕೇಳುವುದೂ ಸರಿಯಾಗುವುದಿಲ್ಲ. ಹಾಗಾಗಿ ಯಾರು ಬಸುರಿ ಅಂತ ತಿಳಿದುಕೊಳ್ಳುವ ಅಗತ್ಯವೇ ಬಾರದ ಹಾಗೆ ತೋಟ ನಡೆಸಿ. ಸ್ಪ್ರೇ ದಿನ ಹೆಂಗಸರಿಗೆ ಇನ್ನೊಂದು ಬದಿಯಲ್ಲಿ ಕೆಲಸ ಕೊಡಿ, ಅದೇ ಸಂಬಳ ಕೊಡಿ. ಕಸ ಸುಡುವ ಕೆಲಸ ಯಾರಿಗೂ ಹೇಳಬೇಡಿ. ಇದನ್ನು ನಿಯಮ ಮಾಡಿಕೊಂಡರೆ ಗೊತ್ತಿಲ್ಲದೆಯೇ ಒಂದು ಮಗುವನ್ನು ಕಾಪಾಡಿರ್ತೀರಿ.

ನಿಮ್ಮ ಬಚ್ಚಲು ಒಲೆಯನ್ನು ಹೇಗೆ ಬದಲಿಸಿದಿರಿ, ಎಷ್ಟು ಖರ್ಚಾಯಿತು ಅಂತ ಬರೆದು ಕಳಿಸಿ. ಬೇರೆಯವರಿಗೂ ಉಪಯೋಗ ಆಗ್ತದೆ. ಮುಂದಿನ ವಾರ ಮಳೆಗಾಲದ ಮೊದಲಿನ ಬೋರ್ಡೋ ಸಿದ್ಧತೆ ಬಗ್ಗೆ ಮಾತಾಡುವ.